ಅಮ್ಮ-ಮಗ ಶುರು ಮಾಡಿದ ಕಂಪನಿ, ಅದು ಕೊಂಡ್ಕೊಂಡ ಫ್ಯಾಕ್ಟರಿಗಳು

ಕಾರಿನ ವೈರಿಂಗ್ ಹಾರ್ನೆಸ್, ಅಂದ್ರೆ ಕಾರೊಳಗಿನ ವೈರುಗಳನ್ನೆಲ್ಲ ಸೇರಿಸಿ ಕಟ್ಟಿದ ಕಟ್ಟು, ಹೇಗೆ ಮಾಡ್ತಾರೆ ಅಂತ ಕಣ್ಣಾರೆ ನೋಡಿದೋರು ಕಮ್ಮಿ. ಒಂದು ಉದ್ದದ ಬೋರ್ಡ್ ಇರತ್ತೆ, ಅದರ ಮೇಲೆ ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗ್ಬೇಕು ಅನ್ನೋ ಡ್ರಾಯಿಂಗ್ ಅಂಟಿಸಿರ್ತಾರೆ, ಅಲ್ಲಲ್ಲಿ ಕವಲಿರೋ ಪಿನ್ನು ಹೊಡೆದಿರ್ತಾರೆ, ಒಬ್ಬೊಬ್ಬ ಆಪರೇಟರೂ ತನ್ನ ಪಾಲಿನ ಹತ್ತೋ ಹದಿನೈದೋ ವೈರು ಹಾಸಿ ಕನೆಕ್ಟರಿಗೆ ಚುಚ್ಚಿ ಟೇಪ್ ಸುತ್ತಿ ಮುಂದಕ್ಕೆ ಬಿಡ್ತಾರೆ. ಬಹುಪಾಲು ಹೆಣ್ಮಕ್ಕಳೇ. ವೈರಿನ ತುದಿಯ ಲೋಹದ ಟರ್ಮಿನಲ್ ಕನೆಕ್ಟರೊಳಗೆ ಕೂತಾಗ ಸಣ್ಣದಾಗಿ ಟಕ್ ಅನ್ಬೇಕು, ಆಮೇಲೆ ಮೆಲ್ಲಗೆ ಒಂದ್ಸಲ ಹಿಂದಕ್ಕೆ ಎಳೆದು ನೋಡ್ಬೇಕು. ಪುಷ್, ಕ್ಲಿಕ್, ಪುಲ್ ಅಂತ ಎಲ್ಲಾ ಲೈನಿನಲ್ಲೂ ಹೇಳಿಕೊಡ್ತಾರೆ. ಒಂದು ಕಾರಲ್ಲಿ ಒಂದು ಕಿಲೋಮೀಟರಿಗೂ ಜಾಸ್ತಿ ವೈರ್ ಇರತ್ತೆ, ಅಷ್ಟನ್ನೂ ಹೀಗೇ ಕೈಯಲ್ಲೇ ಜೋಡಿಸೋದು, ಯಾಕಂದ್ರೆ ವೈರು ಮೆತ್ತಗಿನ ವಸ್ತು, ರೋಬೋ ಕೈಗೆ ಅದು ಸರಿಯಾಗಿ ಸಿಗಲ್ಲ.

ನಾನು ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಹತ್ರ ಇಂಥದ್ದೇ ಒಂದು ಫ್ಯಾಕ್ಟರಿಗೆ ಟ್ರೇನಿ ಆಗಿ ಸೇರಿದ್ದೆ. 2009ರ ಮಾರ್ಚ್ ಇರ್ಬೇಕು, ಕ್ಯಾಂಟೀನಲ್ಲಿ ಯಾರೋ ಬಿಟ್ಟುಹೋದ ಪೇಪರಲ್ಲಿ ಒಂದು ಸುದ್ದಿ ಓದಿದೆ. ನೊಯಿಡಾದ ಮದರ್‌ಸನ್ ಅನ್ನೋ ಹಾರ್ನೆಸ್ ಕಂಪನಿ ಯುರೋಪಿನ ವಿಸಿಯೋಕಾರ್ಪ್ ಅನ್ನೋ ಕಂಪನೀನ ಕೊಂಡ್ಕೊಂಡಿದೆ, ಪ್ರಪಂಚದಲ್ಲೇ ದೊಡ್ಡ ಕಾರ್ ಮಿರರ್ ಕಂಪನಿಗಳಲ್ಲಿ ಒಂದು ಅದು. ನಮ್ಮ ಶಿಫ್ಟ್ ಇನ್‌ಚಾರ್ಜ್ ಆ ಪೇಪರ್ ಕೈಗೆ ತಗೊಂಡು ಎರಡು ಸಲ ಓದಿದ್ರು. ಅವತ್ತು ಪ್ರಪಂಚದ ಕಾರ್ ಉದ್ಯಮ ಮಲಗಿಬಿಟ್ಟಿತ್ತು, ನಮ್ಮಲ್ಲೇ ಮೂರನೇ ಶಿಫ್ಟ್ ನಿಲ್ಲಿಸಿದ್ರು, ಅಂಥಾ ಟೈಮಲ್ಲಿ ವೈರು ಜೋಡಿಸೋ ನಮ್ಮಂಥದೇ ಒಂದು ಕಂಪನಿ ತನಗಿಂತ ದೊಡ್ಡ ವ್ಯಾಪಾರ ಇರೋ ಕಂಪನೀನ ಸುಮಾರು 2.5 ಕೋಟಿ ಯೂರೋಗೆ ತಗೊಂಡಿದೆ ಅಂದ್ರೆ ನಂಬೋಕೆ ಕಷ್ಟ ಆಯ್ತು. ಅವತ್ತಿಂದ ಈ ಕಂಪನಿ ಕಥೆ ನಾನು ಬಿಟ್ಟಿಲ್ಲ, ನನಗೆ ಅದರಲ್ಲಿ ಷೇರೂ ಇಲ್ಲ, ನಾನು ಅಲ್ಲಿ ಕೆಲಸ ಮಾಡಿದೋನೂ ಅಲ್ಲ. ಆದ್ರೂ ಇದನ್ನ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು, ಯಾಕೆ ಅಂತ ಮುಂದೆ ಹೇಳ್ತೀನಿ.

ಹೆಸರಲ್ಲೇ ಇದೆ, ಮದರ್ ಮತ್ತು ಸನ್. 1975ರಲ್ಲಿ ಸ್ವರ್ಣಲತಾ ಸೆಹಗಲ್ ಅವರೂ ಅವರ ಮಗ ವಿವೇಕ್ ಚಾಂದ್ ಸೆಹಗಲ್ ಅವರೂ ಸೇರಿ ಶುರು ಮಾಡಿದ್ದು. ಮೊದಲು ಬೆಳ್ಳಿ ವ್ಯಾಪಾರ, 1977ರಲ್ಲಿ ಕೇಬಲ್ ಫ್ಯಾಕ್ಟರಿ. ಆಮೇಲೆ ಮಾರುತಿ ಬಂತು. 1983ರಲ್ಲಿ ಮಾರುತಿ 800 ರೋಡಿಗಿಳಿದಾಗ ಸುಜುಕಿಗೆ ಇಲ್ಲೇ ಪಾರ್ಟ್ಸ್ ಮಾಡಿಕೊಡೋರು ಬೇಕಿತ್ತು, ಅದೇ ವರ್ಷ ಇವರು ಜಪಾನಿನ ಟೋಕಾಯ್ ಎಲೆಕ್ಟ್ರಿಕ್ ಜೊತೆ ಟೆಕ್ನಾಲಜಿ ಒಪ್ಪಂದ ಮಾಡ್ಕೊಂಡ್ರು, ಅದೇ ಈಗಿನ ಸುಮಿಟೋಮೋ ವೈರಿಂಗ್ ಸಿಸ್ಟಮ್ಸ್. 1986ರಲ್ಲಿ ಮದರ್‌ಸನ್ ಸುಮಿ ಅಂತ ಜಾಯಿಂಟ್ ವೆಂಚರ್ ಆಯ್ತು, 1993ರಲ್ಲಿ ಷೇರು ಮಾರ್ಕೆಟ್ಟಿಗೆ ಬಂತು. ಅಲ್ಲಿಂದ ಮುಂದೆ ಸುಮಾರು ವರ್ಷ ಇವರು ಬೆಳೆದಿದ್ದು ಕೊಂಡ್ಕೊಂಡು ಅಲ್ಲ, ಜೊತೆ ಸೇರಿಕೊಂಡು. ಯಾವ ಪಾರ್ಟು ಮಾಡ್ಬೇಕೋ ಅದು ಗೊತ್ತಿರೋ ಹೊರದೇಶದವರನ್ನ ಹುಡುಕಿ ಪಾರ್ಟ್‌ನರ್ ಮಾಡ್ಕೊಳ್ಳೋದು. ಈ ಕಾಲಾನ ಎಲ್ಲರೂ ಹಾರಿಸಿ 2009ಕ್ಕೆ ಬಂದುಬಿಡ್ತಾರೆ, ನನಗೆ ಮಾತ್ರ ಇದೇ ಬುನಾದಿ ಅನ್ಸತ್ತೆ. ಇಪ್ಪತ್ತು ವರ್ಷ ಜಪಾನಿನೋರ ಪಕ್ಕ ಕೂತು, ಅವರ ಆಡಿಟ್ ತಡ್ಕೊಂಡು, ವೈರಿಗೆ ಟರ್ಮಿನಲ್ ಅದುಮಿದ ಒಂದು ಕ್ರಿಂಪ್ ಯಾಕೆ ಹಾಳಾಗತ್ತೆ ಅಂತ ಕಲಿತೋರಿಗೆ ಬೇರೆಯವರ ಶಾಪ್ ಫ್ಲೋರಿಗೆ ಹೋದಾಗ ಏನು ನೋಡ್ಬೇಕು ಅಂತ ತಿಳಿದಿರತ್ತೆ.

ಹೊರದೇಶದ ಖರೀದಿ ಶುರುವಾಗಿದ್ದು 2002ರಲ್ಲಿ, ಐರ್ಲೆಂಡಿನ ಒಂದು ಸಣ್ಣ ಹಾರ್ನೆಸ್ ಕಂಪನಿಯಿಂದ. ಆಮೇಲೆ ಜರ್ಮನಿಯಲ್ಲಿ ಪ್ಲಾಸ್ಟಿಕ್, ಆಸ್ಟ್ರೇಲಿಯಾದಲ್ಲಿ ರಬ್ಬರ್, ಎಲ್ಲಾ ಸಣ್ಣ ಸಣ್ಣವು. ಈಜು ಕಲಿಯೋರು ಮೊದಲು ಮೆಟ್ಟಿಲ ಹತ್ರದ ನೀರಲ್ಲೇ ಆಡ್ತಾರಲ್ಲ ಹಾಗೆ.

ಈಗ ವಿಸಿಯೋಕಾರ್ಪ್ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಈ ಕಂಪನಿಯ ಹಳೇ ಹೆಸರು ಶೆಫೆನಾಕರ್, ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಯದು, ಒಂದು ಕುಟುಂಬದ ಕಂಪನಿ. ಅದು ದೊಡ್ಡದಾಗಿದ್ದೂ ಖರೀದಿಯಿಂದಲೇ. 2000ದ ಹೊತ್ತಿಗೆ ಇಂಗ್ಲೆಂಡಿನ ಬ್ರಿಟಾಕ್ಸ್ ಕಂಪನಿಯ ಮಿರರ್ ವ್ಯಾಪಾರಾನ ಸೇರಿಸ್ಕೊಂಡು ಇಂಗ್ಲೆಂಡು, ಅಮೆರಿಕಾ, ಆಸ್ಟ್ರೇಲಿಯಾ ಎಲ್ಲಾ ಕಡೆ ಫ್ಯಾಕ್ಟರಿ ಆದ್ವು. ಅದರ ಜೊತೆ ಸಾಲಾನೂ ಬಂತು, ಬಾಂಡ್ ಮಾರಿ ಇಪ್ಪತ್ತು ಕೋಟಿ ಯೂರೋ ಎತ್ತಿದ್ರು. ಕಾರ್ ಕಂಪನಿಗಳು ಪ್ರತಿ ವರ್ಷ ರೇಟ್ ಇಳಿಸು ಅಂತಾವೆ, ಪ್ಲಾಸ್ಟಿಕ್ ಬೆಲೆ ಏರತ್ತೆ, ಬಡ್ಡಿ ಮಾತ್ರ ಯಾರಿಗೂ ಕಾಯಲ್ಲ. ಕೊನೆಗೆ 2007ರಲ್ಲಿ ಜರ್ಮನಿಯ ಕಾನೂನಿನಲ್ಲಿ ಸಾಲ ಕೊಟ್ಟೋರ ಜೊತೆ ರಾಜಿ ಮಾಡ್ಕೊಳ್ಳೋದು ಕಷ್ಟ ಅಂತ ಕಂಪನಿಯನ್ನೇ ಇಂಗ್ಲೆಂಡಿಗೆ ಸಾಗಿಸಿದ್ರು, ಅಲ್ಲಿನ ಕಾನೂನಿನಲ್ಲಿ ಸಾಲ ಸರಿಮಾಡಿ ವಿಸಿಯೋಕಾರ್ಪ್ ಅಂತ ಹೊಸ ಹೆಸರಿಟ್ರು. ಹೊಸ ಹೆಸರಿಟ್ಟು ಒಂದೆರಡು ವರ್ಷ ಆಗೋದ್ರೊಳಗೆ 2008ರ ಹೊಡೆತ ಬಿತ್ತು, ಕಂಪನಿ ದಿವಾಳಿ ಅಂಚಿಗೆ ಬಂತು.

ಇಲ್ಲಿ ಒಂದು ಮಾತು ತಿಳ್ಕೋಬೇಕು. ಒಂದು ಮಿರರ್ ಸಪ್ಲೈಯರ್ ಮುಳುಗಿದ್ರೆ ಕಾರ್ ಕಂಪನಿಗೆ ಬೇರೆ ಅಂಗಡಿಗೆ ಹೋಗಿ ಮಿರರ್ ತರೋಕಾಗಲ್ಲ. ಆ ಮಾಡೆಲ್‌ಗೆ ಅಂತಾನೇ ಮಾಡಿದ ಮೋಲ್ಡು ಆ ಫ್ಯಾಕ್ಟರಿಯ ಮೆಷಿನಲ್ಲಿ ಕೂತಿರತ್ತೆ, ಬಣ್ಣ ಮ್ಯಾಚ್ ಆಗ್ಬೇಕು, ಮೋಟರ್ ಟೆಸ್ಟ್ ಆಗಿರ್ಬೇಕು, ಹೊಸಬರಿಗೆ ಕೊಟ್ರೆ ಅಪ್ರೂವಲ್ಲಿಗೇ ತಿಂಗಳುಗಟ್ಟಲೆ ಹಿಡಿಯತ್ತೆ. ಅಷ್ಟರೊಳಗೆ ಕಾರ್ ಲೈನ್ ನಿಂತ್ರೆ ದಿನಕ್ಕೆ ಕೋಟಿಗಟ್ಟಲೆ ನಷ್ಟ. ಹಾಗಾಗಿ ಸಪ್ಲೈಯರ್‌ಗೆ ಕಾಯಿಲೆ ಬಂದಾಗ ಎಲ್ಲರಿಗಿಂತ ಮೊದಲು ಗಾಬರಿಯಾಗೋದು ಗಿರಾಕಿಗೇ, ಇದನ್ನ ಯಾರಾದ್ರೂ ವಹಿಸ್ಕೊಳ್ರಪ್ಪ ಅಂತ ಹುಡುಕೋದೂ ಅವರೇ. ಮದರ್‌ಸನ್‌ನೋರು ಮೊದಲಿಂದಲೂ ಹೇಳ್ಕೊಂಡು ಬಂದಿರೋದು ಇದೇ, ಗಿರಾಕಿಗೆ ಬೇಕು ಅಂದ್ರೆ ಮಾತ್ರ ನಾವು ಕೊಂಡ್ಕೊಳ್ತೀವಿ ಅಂತ. ಕೇಳೋಕೆ ಭಾಷಣದ ಮಾತು ಥರ ಇದೆ, ಆದ್ರೆ ಲೆಕ್ಕ ಹಾಕಿ ನೋಡಿ. ಗಿರಾಕಿಯೇ ಬಂದು ತಗೋ ಅಂದಾಗ ಕೊಡೋ ಬೆಲೆ ಕಮ್ಮಿ, ಮುಂದಿನ ಮಾಡೆಲ್ ಆರ್ಡರ್ ಬಗ್ಗೆ ನಂಬಿಕೆ ಇರತ್ತೆ, ರೇಟ್ ವಿಷಯದಲ್ಲೂ ಕೂತು ಮಾತಾಡಬಹುದು. ಏಲದಲ್ಲಿ ಎಲ್ಲರಿಗಿಂತ ಜಾಸ್ತಿ ಕೂಗಿ ತಗೊಂಡೋರಿಗೆ ಇದ್ಯಾವುದೂ ಸಿಗಲ್ಲ.

ತಗೊಂಡ ಮೇಲೆ ಏನಾಯ್ತು ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಆಸ್ಟ್ರೇಲಿಯಾದ ಅಡಿಲೇಡ್ ಪಕ್ಕದ ಲಾನ್ಸ್‌ಡೇಲ್ ಫ್ಯಾಕ್ಟರಿ. ಅದು ವಿಸಿಯೋಕಾರ್ಪ್ ಜೊತೆ ಬಂದಿದ್ದು. ಆಸ್ಟ್ರೇಲಿಯಾದಲ್ಲಿ ಕಾರ್ ತಯಾರಿಕೆ ಸಾಯ್ತಾ ಇತ್ತು, 2017ರ ಅಕ್ಟೋಬರಲ್ಲಿ ಅದೇ ಅಡಿಲೇಡಿನ ಹೋಲ್ಡನ್ ಫ್ಯಾಕ್ಟರಿ ಬಾಗಿಲು ಹಾಕ್ತು, ಅಲ್ಲಿಗೆ ಆ ದೇಶದಲ್ಲಿ ಕಾರ್ ಮಾಡೋದೇ ನಿಂತ್ಹೋಯ್ತು. ಬೇರೆ ಯಾರೇ ಆಗಿದ್ರೂ ಮೆಷಿನ್ ಬಿಚ್ಚಿ ಬೇರೆ ದೇಶಕ್ಕೆ ಸಾಗಿಸ್ತಿದ್ರೇನೋ. ಆದ್ರೆ ಆ ಫ್ಯಾಕ್ಟರಿಯೋರು ಯೂನಿವರ್ಸಿಟಿ ಆಫ್ ಸೌತ್ ಆಸ್ಟ್ರೇಲಿಯಾ ಜೊತೆ ಸೇರಿ ಗಾಜೇ ಇಲ್ಲದ, ಪ್ಲಾಸ್ಟಿಕ್ ಮೇಲೆ ತೆಳ್ಳಗಿನ ಲೇಪ ಕೊಟ್ಟ ಕನ್ನಡಿ ಕಂಡುಹಿಡಿದಿದ್ರು, ಅದು ಅಮೆರಿಕಾದ ಫೋರ್ಡ್ ಎಫ್-ಸೀರೀಸ್ ಟ್ರಕ್ಕಿಗೆ ಲಕ್ಷಗಟ್ಟಲೆ ಹೋಯ್ತು. ಕಾರೇ ಮಾಡದ ದೇಶದಿಂದ ಕಾರಿನ ಕನ್ನಡಿ ಎಕ್ಸ್‌ಪೋರ್ಟ್! ಇಂಥದ್ದು ಆಗ್ಬೇಕಂದ್ರೆ ಕೊಂಡೋರು ಅಲ್ಲಿನ ಜನರನ್ನ ಅಲ್ಲೇ ಇಟ್ಕೊಂಡಿರ್ಬೇಕು, ಅವರ ತಲೆಗೆ ಕೆಲಸ ಕೊಟ್ಟಿರ್ಬೇಕು.

ಈಗ ನನ್ನ ವಿಷಯಕ್ಕೆ ಬರ್ತೀನಿ. ನಾನು ಕೆಲಸ ಮಾಡ್ತಿದ್ದ ಫ್ಯಾಕ್ಟರೀನೂ ಕೆಲವು ವರ್ಷ ಆದ್ಮೇಲೆ ಮಾರಾಟ ಆಯ್ತು, ಕೊಂಡೋರು ಹೊರದೇಶದ ದೊಡ್ಡ ಕಂಪನಿ, ಹೆಸರು ಬೇಡ. ಒಂದು ಸೋಮವಾರ ಬೆಳಗ್ಗೆ ಗೇಟಿನ ಬೋರ್ಡ್ ಬದಲಾಗಿತ್ತು, ಸ್ವೀಟ್ ಬಾಕ್ಸ್ ಹಂಚಿದ್ರು, ಎಲ್ಲರಿಗೂ ಹೊಸ ಐಡಿ ಕಾರ್ಡ್. ಖುಷಿಯಾಗೇ ಇದ್ವಿ. ಮೂರು ತಿಂಗಳಲ್ಲಿ ಸಾಫ್ಟ್‌ವೇರ್ ಬದಲಾಯ್ತು, ಲೇಔಟ್ ಬದಲಾಯ್ತು, ಪರ್ಚೇಸಿನೋರು ಹೋದ್ರು, ಆಮೇಲೆ ಕ್ರಿಂಪಿಂಗ್ ಸೆಕ್ಷನ್ನಿಗೆ ಬಂದ್ರು. ಅಲ್ಲಿ ಒಬ್ಬರು ಹಿರಿಯ ಆಪರೇಟರ್ ಇದ್ರು, ಮಾಗಡಿ ಕಡೆಯೋರು. ಕ್ರಿಂಪ್ ಅಂದ್ರೆ ವೈರಿನ ತುದಿಗೆ ಟರ್ಮಿನಲ್ ಹಾಕಿ ಪ್ರೆಸ್ಸಲ್ಲಿ ಅದುಮೋದು, ಎತ್ತರ ಮೈಕ್ರೋಮೀಟರಲ್ಲಿ ಅಳೀತೀವಿ, ಮಿಲಿಮೀಟರಿನ ನೂರನೇ ಭಾಗದಲ್ಲಿ ಲೆಕ್ಕ. ಅವರು ಮಾತ್ರ ಅಳೆಯೋಕೆ ಮುಂಚೆಯೇ ಪ್ರೆಸ್ಸಿನ ಸದ್ದು ಕೇಳಿ "ಡೈ ಸವೆದಿದೆ, ನಿಲ್ಸಿ" ಅನ್ನೋರು, ಅಳೆದು ನೋಡಿದ್ರೆ ಹೌದು ಅನ್ನೋ ಹಾಗೇ ಇರೋದು. ಹೊಸ ಮ್ಯಾನೇಜ್‌ಮೆಂಟಿನ ಶೀಟಲ್ಲಿ ಅವರು "ಹೆಚ್ಚುವರಿ" ಅಂತ ಇದ್ರು. ವಿಆರ್‌ಎಸ್ ಕೊಟ್ಟು ಕಳಿಸಿದ್ರು. ಹೋಗೋ ದಿನ ತಮ್ಮ ಮೈಕ್ರೋಮೀಟರ್ ಒರೆಸಿ ಡಬ್ಬಿಯಲ್ಲಿಟ್ಟು ನನ್ನ ಟೇಬಲ್ ಮೇಲೆ ಇಟ್ರು, ಒಂದು ಮಾತೂ ಆಡ್ಲಿಲ್ಲ. ಮುಂದಿನ ಆರು ತಿಂಗಳು ರಿಜೆಕ್ಷನ್ ಏರ್ತಾನೇ ಹೋಯ್ತು, ಗಿರಾಕಿ ಕಡೆಯಿಂದ ಜನ ಬಂದು ನಮ್ಮ ಗೋಡೌನಲ್ಲೇ ಕೂತು ಒಂದೊಂದೂ ಚೆಕ್ ಮಾಡಿ ತಗೊಂಡು ಹೋಗೋ ಪರಿಸ್ಥಿತಿ ಬಂತು. ಆ ಡಬ್ಬಿ ನೋಡಿದಾಗೆಲ್ಲ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗತ್ತೆ.

ಅದಕ್ಕೇ ನನಗೆ ಒಂದು ಕಂಪನಿ ಎಷ್ಟಕ್ಕೆ ಕೊಂಡ್ಕೊಂಡ್ತು ಅನ್ನೋದಕ್ಕಿಂತ ಕೊಂಡ ಮೂರನೇ ವರ್ಷ ಆ ಶಾಪ್ ಫ್ಲೋರಲ್ಲಿ ಯಾರ್ಯಾರು ಉಳಿದಿದ್ದಾರೆ ಅನ್ನೋದೇ ಮುಖ್ಯ.

ಮದರ್‌ಸನ್ ಪಟ್ಟಿ ಆಮೇಲೆ ಉದ್ದ ಆಗ್ತಾ ಹೋಯ್ತು. 2011ರಲ್ಲಿ ಜರ್ಮನಿಯ ಪೆಗುಫಾರ್ಮ್‌ನ 80% ಪಾಲು, ಬಂಪರ್, ಡ್ಯಾಶ್‌ಬೋರ್ಡ್, ಡೋರ್ ಪ್ಯಾನೆಲ್ ಮಾಡೋ ಕಂಪನಿ, ಸುಮಾರು 14 ಕೋಟಿ ಯೂರೋ. ಅದು ಹತ್ತು ವರ್ಷದಲ್ಲಿ ಮೂರು ನಾಲ್ಕು ಯಜಮಾನರನ್ನ ನೋಡಿತ್ತು, ಒಂದ್ಸಲ ದಿವಾಳೀನೂ ಆಗಿತ್ತು. ಅಂಥಾ ಫ್ಯಾಕ್ಟರಿಯ ಜನಕ್ಕೆ ಹೊಸ ಯಜಮಾನ ಅಂದ್ರೆ ಎಷ್ಟು ಅಪನಂಬಿಕೆ ಇರತ್ತೆ ಅಂತ ನಾನು ಊಹಿಸ್ಕೊಳ್ಬಲ್ಲೆ. 2014ರಲ್ಲಿ ಅಮೆರಿಕಾದ ಸ್ಟೋನ್‌ರಿಡ್ಜ್ ಕಂಪನಿಯ ವೈರಿಂಗ್ ವ್ಯಾಪಾರ, ಸುಮಾರು 6.5 ಕೋಟಿ ಡಾಲರ್. 2017ರಲ್ಲಿ ಫಿನ್ಲೆಂಡಿನ ಪಿಕೆಸಿ, ಟ್ರಕ್ಕುಗಳ ಹಾರ್ನೆಸ್ ಮಾಡೋದು, ಸುಮಾರು 57 ಕೋಟಿ ಯೂರೋ. ಇದು ಕಾಯಿಲೆ ಬಿದ್ದ ಕಂಪನಿ ಅಲ್ಲ, ಆರೋಗ್ಯವಾಗಿದ್ದ ಕಂಪನಿ, ಅದಕ್ಕೇ ಆ ಬೆಲೆ. ಪಿಕೆಸಿ ತಾನೇ 2011ರಲ್ಲಿ ಅಮೆರಿಕಾದ ಎಇಇಎಸ್ ಅನ್ನೋ ಹಾರ್ನೆಸ್ ಕಂಪನೀನ ಕೊಂಡಿತ್ತು, ಅದು ಅದಕ್ಕೂ ಹಿಂದೆ ಅಲ್ಯುಮಿನಿಯಂ ಕಂಪನಿ ಅಲ್ಕೋವಾದ ಕೈಲಿತ್ತು. ಅಂದ್ರೆ ಒಂದೇ ಲೈನಲ್ಲಿ ನಿಂತು ಅದೇ ವೈರು ಜೋಡಿಸ್ತಾ ಇರೋ ಹೆಂಗಸಿನ ಐಡಿ ಕಾರ್ಡ್ ಮೇಲಿನ ಹೆಸರು ಮಾತ್ರ ಬದಲಾಗ್ತಾ ಬಂದಿದೆ.

ಇಷ್ಟೊಂದು ಯಾಕೆ ಬೇಕು ಅಂತ ನಮ್ಮ ಮನೆಯೋರೂ ಕೇಳಿದ್ರು, ಒಂದು ಕೆಲಸ ಚೆನ್ನಾಗಿ ಮಾಡ್ಕೊಂಡು ಇರಬಾರದಾ ಅಂತ. ಉತ್ತರ ಇವರ ಒಂದು ನಿಯಮದಲ್ಲಿದೆ, ತ್ರೀ ಸಿ ಎಕ್ಸ್ ಟೆನ್ ಅಂತಾರೆ, ಮೂರು ಸಿ ಅಂದ್ರೆ ಕಂಟ್ರಿ, ಕಸ್ಟಮರ್, ಕಾಂಪೊನೆಂಟ್. ಯಾವ ಒಂದು ದೇಶ, ಯಾವ ಒಬ್ಬ ಗಿರಾಕಿ, ಯಾವ ಒಂದು ಕಾಂಪೊನೆಂಟ್ ಆಗ್ಲಿ, ಒಟ್ಟು ವ್ಯಾಪಾರದ 10% ದಾಟಬಾರದು. ಪೆಗುಫಾರ್ಮ್ ಬಂದ ಮೇಲೆ ಫೋಕ್ಸ್‌ವ್ಯಾಗನ್ ಗುಂಪಿನ ಮೇಲೆ ತುಂಬಾನೇ ಆತುಕೊಂಡಂಗಾಗಿತ್ತು, ಅಲ್ಲೊಂದು ಸೀನು ಬಂದ್ರೆ ಇಲ್ಲಿ ನೆಗಡಿ. ಹಾಗಾಗಿ ಟ್ರಕ್ಕು ಬಂತು, ಆಮೇಲೆ ಹೋಂಡಾಗೆ ಪೆಟ್ರೋಲ್ ಟ್ಯಾಂಕ್ ಮಾಡೋ ಯಾಚಿಯೋ ಬಂತು, ವಿಮಾನದ ಪಾರ್ಟ್ಸ್ ಬಂತು. ಈ ಪಟ್ಟಿಯಲ್ಲಿ ನಮ್ಮ ಬೆಂಗಳೂರೂ ಸೇರ್ಕೊಂಡಿದೆ: 2021ರಲ್ಲಿ ವಿಮಾನದ ಪಾರ್ಟ್ಸ್ ಮಾಡೋ ಇಲ್ಲಿನ ಸಿಐಎಂ ಟೂಲ್ಸ್ ಕಂಪನಿಯ 55% ಪಾಲು ತಗೊಂಡ್ರು, 2023ರಲ್ಲಿ ಇಲ್ಲಿನದೇ ರೋಲಾನ್ ಹೈಡ್ರಾಲಿಕ್ಸ್. ಬೆಂಗಳೂರಿನ ಮೆಷಿನಿಂಗ್ ಕೈಗಳಿಗೆ ಹೊರಗಿನೋರು ಬೆಲೆ ಕಟ್ತಾರೆ ಅಂದ್ರೆ ನನಗೆ ಹೆಮ್ಮೆ. ಪೀಣ್ಯದ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಲೇತ್ ಮುಂದೆ ನಿಂತು ಮೈಕ್ರಾನ್ ಲೆಕ್ಕದಲ್ಲಿ ಕೆಲಸ ತೆಗೆಯೋ ಜನ ಇದ್ದಾರಲ್ಲ, ಅವರು ದಶಕಗಟ್ಟಲೆ ಕಟ್ಟಿದ ಹೆಸರು ಅದು.

ಎಲ್ಲಾ ಸಲೀಸಾಗಿ ಆಯ್ತು ಅಂತ ಬರೆದ್ರೆ ತಪ್ಪಾಗತ್ತೆ. 2020ಕ್ಕೆ 18 ಬಿಲಿಯನ್ ಡಾಲರ್ ವ್ಯಾಪಾರ ಅಂತ ಗುರಿ ಇಟ್ಟಿದ್ರು, ಮುಟ್ಟಲಿಲ್ಲ, ಹೆಚ್ಚುಕಮ್ಮಿ ಅರ್ಧಕ್ಕೆ ನಿಂತ್ರು. ಇನ್ನೊಂದು ವಿಷಯ ಇನ್ನೂ ಮುಖ್ಯ. ಇವರಿಗೆ ಕಷ್ಟ ಕೊಟ್ಟಿದ್ದು ಕೊಂಡ ಹಳೇ ಫ್ಯಾಕ್ಟರಿಗಳಿಗಿಂತ ಹೊಸದಾಗಿ ಕಟ್ಟಿದ ಫ್ಯಾಕ್ಟರಿಗಳು. ಅಮೆರಿಕಾದ ಅಲಬಾಮಾದ ಟಸ್ಕಲೂಸಾದಲ್ಲಿ, ಹಂಗೇರಿಯ ಕೆಚ್ಕೆಮೆಟ್‌ನಲ್ಲಿ ದೊಡ್ಡ ಪ್ಲಾಂಟ್ ಕಟ್ಟಿದ್ರು, 2018-19ರ ಸುಮಾರಿಗೆ ಅವೆರಡರ ಶುರುವಾತಿನ ಖರ್ಚು ಲಾಭಾನ ತಿಂದುಹಾಕ್ತು. ನನಗೆ ಇದು ಆಶ್ಚರ್ಯ ಅನ್ಸಲಿಲ್ಲ. ಹೊಸ ಕಟ್ಟಡ, ಹೊಸ ಪೇಂಟ್ ಶಾಪ್, ಹೊಸ ಜನ, ಎಲ್ಲಾ ಒಟ್ಟಿಗೇ ಹೊಸದು. ದೊಡ್ಡ ಬಂಪರ್ ಒಂದಕ್ಕೆ ಪೇಂಟ್ ಹೊಡೀವಾಗ ಒಂದು ಧೂಳಿನ ಕಣ ಕೂತ್ರೂ ಅದು ರಿಜೆಕ್ಟು. ಹಳೇ ಫ್ಯಾಕ್ಟರಿಯಲ್ಲಿ ಗಾಳಿ ಯಾವ ಕಡೆಯಿಂದ ಧೂಳು ತರತ್ತೆ ಅಂತ ಗೊತ್ತಿರೋ ಒಬ್ಬ ಇರ್ತಾನೆ. ಹೊಸ ಫ್ಯಾಕ್ಟರಿಯಲ್ಲಿ ಅಂಥವನು ತಯಾರಾಗೋಕೆ ವರ್ಷಗಳೇ ಬೇಕು. ಕಾಯಿಲೆ ಬಿದ್ದಿದ್ರೂ ಹಳೇ ಫ್ಯಾಕ್ಟರಿ ಜೊತೆ ಬರೋ ಆಸ್ತಿ ಅದೇ, ಬ್ಯಾಲೆನ್ಸ್ ಶೀಟಲ್ಲಿ ಅದಕ್ಕೆ ಕಾಲಂ ಇಲ್ಲ.

ಸಾಲದ ವಿಷಯದಲ್ಲೂ ಇವರು ಶೆಫೆನಾಕರ್ ದಾರಿ ಹಿಡೀಲಿಲ್ಲ ಅನ್ನೋದನ್ನ ಹೇಳ್ಬೇಕು. 2022ರಲ್ಲಿ ಇಂಡಿಯಾದ ಹಾರ್ನೆಸ್ ವ್ಯಾಪಾರ ಬೇರೆ ಕಂಪನಿ ಮಾಡಿದ್ರು, ಉಳಿದಿದ್ದೆಲ್ಲ ಸಂವರ್ಧನ ಮದರ್‌ಸನ್ ಇಂಟರ್‌ನ್ಯಾಷನಲ್ ಆಯ್ತು. 2023ರಲ್ಲಿ ಒಂದರ ಹಿಂದೆ ಒಂದು ತಗೊಂಡ್ರು, ಡ್ಯಾಶ್‌ಬೋರ್ಡ್ ಪೂರ್ತಿ ಜೋಡಿಸಿ ಕಾರ್ ಲೈನಿನ ಪಕ್ಕಕ್ಕೇ ತಂದುಕೊಡೋ ಜರ್ಮನಿಯ ಎಸ್‌ಎಎಸ್, ಸುಮಾರು 54 ಕೋಟಿ ಯೂರೋ. ದಿವಾಳಿಯಾಗಿದ್ದ ಡಾಕ್ಟರ್ ಶ್ನೈಡರ್, ಅವರು ಎಸಿ ಗಾಳಿ ಬರೋ ವೆಂಟ್ ಮಾಡೋರು. ಹೊರೆ ಏರಿದಾಗ 2024ರಲ್ಲಿ ಹೊಸ ಬಂಡವಾಳ ಎತ್ತಿದ್ರು, ಸುಮಾರು ₹6,400 ಕೋಟಿ, ಸಾಲ ಇಳಿಸೋಕೆ. ಒಟ್ಟು 40ಕ್ಕೂ ಹೆಚ್ಚು ಖರೀದಿ ಆಗಿದೆ, 2024-25ರ ವ್ಯಾಪಾರ ₹1,13,000 ಕೋಟಿ ದಾಟಿದೆ. ಅಮ್ಮ-ಮಗ ಬೆಳ್ಳಿ ತೂಗ್ತಾ ಶುರು ಮಾಡಿದ್ದು ಅಂತ ನೆನಪಿಟ್ಕೊಂಡು ಈ ಅಂಕಿ ನೋಡಿದ್ರೆ ಮೈ ಜುಮ್ಮನ್ನತ್ತೆ.

ಇಷ್ಟೆಲ್ಲಾ ಈಗ ಬರೆಯೋಕೆ ಕಾರಣ ಹೋದ ವಾರ ಬಂದ ಒಂದು ಫೋನು. ನನ್ನ ಹಳೇ ಫ್ಯಾಕ್ಟರಿಯಲ್ಲಿ ಫೈನಲ್ ಟೆಸ್ಟಿಂಗ್ ಮಾಡ್ತಿದ್ದ ಅಕ್ಕ ಒಬ್ಬರು, ಈಗಲೂ ಅಲ್ಲೇ ಇದ್ದಾರೆ. ಎಲ್ಲಾ ಕನೆಕ್ಟರೂ ಟೆಸ್ಟ್ ಬೋರ್ಡಿಗೆ ಹಾಕಿ, ಎಲ್ಲಾ ಲೈಟು ಹಸಿರಾದ್ರೆ ಮಾತ್ರ ಸ್ಟಿಕ್ಕರ್ ಹಚ್ಚೋ ಕೆಲಸ, ಹದಿನಾರು ವರ್ಷದಿಂದ. "ಸಾರ್, ನಮ್ಮ ಫ್ಯಾಕ್ಟರಿ ಮತ್ತೆ ಮಾರ್ತಾರಂತೆ, ನಮ್ಮ ಲೈನ್ ಉಳಿಸ್ತಾರಾ, ನಿಮಗೇನಾದ್ರೂ ಗೊತ್ತಾ" ಅಂದ್ರು. ಮಗಳು ಪಿಯುಸಿ ಎರಡನೇ ವರ್ಷ, ಮನೆ ಲೋನ್ ಇನ್ನೂ ನಾಲ್ಕು ವರ್ಷ ಇದೆ ಅಂತ ಹೇಳ್ಕೊಂಡ್ರು.

ನಾನು ಕೇಳಿದೆ, "ಅಕ್ಕ, ನೋಡೋಕೆ ಬಂದಿದ್ರಲ್ಲ, ಅವರು ಎಲ್ಲೆಲ್ಲಿ ಓಡಾಡಿದ್ರು? ಆಫೀಸಲ್ಲೇ ಕೂತು ಎದ್ದು ಹೋದ್ರಾ?"

"ಇಲ್ಲ ಸಾರ್, ಮೊದಲನೇ ದಿನ ಆಫೀಸಲ್ಲಿದ್ರು. ಆಮೇಲೆ ಎರಡು ದಿನ ಶೂ ಕವರ್ ಹಾಕ್ಕೊಂಡು ಲೈನಲ್ಲೇ ನಿಂತಿದ್ರು. ಒಬ್ಬರು ವಯಸ್ಸಾದೋರು ನನ್ನ ಪಕ್ಕ ಬಂದು, ಈ ಲೈಟ್ ಕೆಂಪಾದ್ರೆ ನೀವು ಮೊದಲು ಏನು ನೋಡ್ತೀರ ಅಂತ ಕೇಳಿದ್ರು. ನಾನು ತೋರಿಸಿದೆ. ಬರ್ಕೊಂಡ್ರು."

"ನಿಮ್ಮ ಹೆಸರು ಕೇಳಿದ್ರಾ?"

"ಹೂಂ ಸಾರ್, ಅದನ್ನೂ ಬರ್ಕೊಂಡ್ರು."